ಯಾರೂ ಬರಬಾರದ ಸಂದರ್ಶನ

ಜಾಹೀರಾತು ಕೊಟ್ಟಿದ್ದೇ ಯಾರೂ ಬರಬಾರದೆಂದು. ಆದರೂ ಒಬ್ಬ ಬಂದುಬಿಟ್ಟಿದ್ದ.

ಡಾರ್ಲೀನ್ ಕುಬಿಯಾಕ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಎದುರಿಗಿದ್ದ ಮುದುಕನನ್ನು ನೋಡಿದಳು. ಅಮೆರಿಕದ ಟೊಲೀಡೋದ ಸ್ಟ್ರೋಬೆಲ್ ಗಾಜಿನ ಕಾರ್ಖಾನೆಯಲ್ಲಿ ನೌಕರರನ್ನು ಸೇರಿಸುವವಳೂ ಕಳಿಸುವವಳೂ ಅವಳೇ. ಬಂದವನ ಹೆಸರು ವೆಂಡೆಲ್ ಯೋಡರ್, ಗಾಜಿನ ವಿದ್ಯೆಯಲ್ಲೇ ಪಿಎಚ್‌ಡಿ. ತಿರುಗಿ ನೋಡದೆಯೇ ಬಾಗಿಲ ಹಿಂದಿನ ಮೊಳೆಗೆ ಕೋಟು ಸಿಕ್ಕಿಸಿ ಆರಾಮವಾಗಿ ಕುಳಿತಿದ್ದ. ಡಾರ್ಲೀನ್ ಅವನ ಮುಂದೆ ಹಾಲು ಬೆರೆಸಿ ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಇಟ್ಟಳು. ತನಗೆ ಬರೀ ಕಪ್ಪು ಕಾಫಿ. ಹಾಲು, ಬೆಣ್ಣೆ, ಚೀಸು ಯಾವುದೂ ಅವಳ ಹೊಟ್ಟೆಗೆ ಆಗದು.

ಅಸಲಿಗೆ ಆ ಕೆಲಸ ಖಾಲಿಯೇ ಇರಲಿಲ್ಲ. ಜಾರ್ಜಿಯಾ ದೇಶದ ತ್ಬಿಲಿಸಿಯಿಂದ ಬಂದ ಡಾಕ್ಟರ್ ಲೆವಾನ್ ಗೆಲಾಶ್ವಿಲಿ ಕೆಲವು ವರ್ಷಗಳಿಂದ ಅದೇ ಕುರ್ಚಿಯಲ್ಲಿದ್ದ. ಗಾಜಿನ ವಿದ್ಯೆಯಲ್ಲಿ ಪಂಡಿತ. ಅವನಿಗೆ ಗ್ರೀನ್ ಕಾರ್ಡ್ ಸಿಕ್ಕಿ ಇಲ್ಲೇ ಕಾಯಂ ಆಗಬೇಕೆಂದರೆ, ಕಂಪನಿ ಮೊದಲು ಅವನ ಕೆಲಸಕ್ಕೇ ಭಾನುವಾರದ ಪತ್ರಿಕೆಯಲ್ಲಿ ಜಾಹೀರಾತು ಹಾಕಬೇಕು. 'ಹುಡುಕಿದೆವು, ಇಂಥ ಅಮೆರಿಕನ್ ಒಬ್ಬನೂ ಸಿಗಲಿಲ್ಲ' ಎಂದು ಸರ್ಕಾರದ ಮುಂದೆ ಕೈಚೆಲ್ಲಬೇಕು. ಅದಕ್ಕಾಗಿ ವಕೀಲರು ಲೆವಾನ್‌ನ ಮೈಯಳತೆ ತೆಗೆದೇ ಜಾಹೀರಾತು ಹೊಲಿದಿದ್ದರು. ಪಿಎಚ್‌ಡಿ ಇರಬೇಕು, ಚಿನ್ನ ಬೆರೆಸಿ ಕೆಂಪು ಗಾಜು ತೆಗೆದಿರಬೇಕು, ಕೆಟ್ಟ ಕುಲುಮೆಯನ್ನು ಆರಿಸದೆಯೇ ರಿಪೇರಿ ಮಾಡಿರಬೇಕು. ಮೀಸೆಯ ಬಣ್ಣವೊಂದನ್ನು ಬಿಟ್ಟಿದ್ದರು.

ಇಷ್ಟರ ಮೇಲೂ ಲಾಯಕ್ಕಾದ ಅಮೆರಿಕನ್ ಒಬ್ಬ ಬಂದನೋ, ಅರ್ಜಿ ಅಲ್ಲಿಗೇ ಬಿದ್ದುಹೋಯಿತು. ಬಂದವನಿಗೆ ಕೆಲಸ ಕೊಡಲೇಬೇಕೆಂದೇನೂ ಇಲ್ಲ. ಅಂಥವನೊಬ್ಬ ಭೂಮಿಯ ಮೇಲೆ ಇದ್ದಾನೆ ಎಂದಾದರೆ ಸಾಕು. ಇಂಥ ಕಾನೂನು ಬರೆದವರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು.

ಮಾಲೀಕ ಸ್ಟ್ರೋಬೆಲ್‌ಗೆ ಲೆವಾನ್ ಎಂದರೆ ಪ್ರಾಣ. ಹಿಂದೆ ಎವರಾಲ್ಡೊ ಎಂಬ ಬ್ರೆಜಿಲ್‌ನವನಿದ್ದ. ಕಾರ್ಡು ಕೈಗೆ ಬಂದದ್ದೇ ತಡ, ಹೆಚ್ಚು ಸಂಬಳಕ್ಕೆ ನದಿಯಾಚೆಯ ಕಂಪನಿಗೆ ಹಾರಿದ್ದ. ಅಂದಿನಿಂದ ಸ್ಟ್ರೋಬೆಲ್‌ನದು ಒಂದೇ ರಾಗ: "ಲೆವಾನ್ ಮಾತ್ರ ಕೈತಪ್ಪಬಾರದು. ಏನ್ ಮಾಡ್ತೀಯೋ ಮಾಡು."

ಡಾರ್ಲೀನ್ ಅದನ್ನೇ ಮಾಡುತ್ತಿದ್ದಳು.

"ಕೆಂಪು ಗಾಜು ತೆಗ್ದಿದೀರಾ?"

"ನೀವು ಶಾಲೆಗೆ ಹೋಗ್ತಿದ್ದ ಕಾಲದಿಂದ."

"ಕುಲುಮೆ ಆರಿಸದೇನೇ ರಿಪೇರಿ?"

"ಲೆಕ್ಕ ಇಟ್ಟಿಲ್ಲ."

"ಈ ವಯಸ್ಸಲ್ಲಿ ಬೆಂಕಿ ಮುಂದೆ ನಿಲ್ಲೋಕಾಗುತ್ತಾ?"

"ವಯಸ್ಸಿನ ವಿಷಯ ನೀವು ಕೇಳೋ ಹಾಗಿಲ್ಲ, ಅಲ್ವಾ ಮೇಡಂ?" ಎಂದು ವೆಂಡೆಲ್ ಕಾಫಿ ಹೀರಿದ. ಸಂಬಳ ಎಷ್ಟೆಂದು ಅವನು ಕೇಳಲೇ ಇಲ್ಲ.

ಕೆಳಗಿನ ಊಟದ ಕೋಣೆಯಲ್ಲಿ ಲೆವಾನ್ ಬಟ್ಟೆಯಲ್ಲಿ ಸುತ್ತಿದ ಗಂಟು ಹಿಡಿದು ಕುಳಿತಿದ್ದ. ಅದರಲ್ಲಿ ಹೆಂಡತಿ ಕೇತೆವಾನ್ ಸುಟ್ಟ ಖಾಚಾಪುರಿ, ಚೀಸು ತುಂಬಿದ ರೊಟ್ಟಿ, ಇನ್ನೂ ಬಿಸಿಯಾಗಿತ್ತು. ಕೇತೆವಾನ್ ಊರಿನಲ್ಲಿ ಹಲ್ಲಿನ ಡಾಕ್ಟರು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳು, ಯಾರ ಬಾಯಿಗೂ ಕೈ ಹಾಕುವಂತಿಲ್ಲ. ಕಾರ್ಡು ಬಂದರೆ ಪರೀಕ್ಷೆ ಕಟ್ಟಿ ಮತ್ತೆ ಡಾಕ್ಟರಾಗಬಹುದು. ಬರದಿದ್ದರೆ ರೊಟ್ಟಿ ಸುಡುತ್ತ ಕೂರಬೇಕು. ಮೊದಲು ಕಾರ್ಡು ಬರಲಿ ಎಂದು ಲೆವಾನ್‌ನ ಸಂಬಳ ಏರಿಸುವ ಮಾತನ್ನೂ ಕಂಪನಿ ಮುಂದಕ್ಕೆ ಹಾಕುತ್ತಲೇ ಬಂದಿತ್ತು.

ಡಾರ್ಲೀನ್ ಇಳಿದು ಬಂದಳು. ಅವಳ ಮುಖ ನೋಡಿಯೇ ಲೆವಾನ್‌ಗೆ ಅರ್ಥವಾಯಿತು.

"ಏನ್ ಹೇಳ್ಲಪ್ಪ. ತಿರುಗಿಸಿ ಮುರುಗಿಸಿ ಕೇಳ್ದೆ. ಒಂದರಲ್ಲೂ ಸಿಕ್ಕಿಬೀಳ್ಲಿಲ್ಲ."

"ಹೋದ ವರ್ಷವೂ ಇದೇ ಆಯ್ತು. ಎಲ್ಲಿಂದ ಬರ್ತಾರೆ ಇವರೆಲ್ಲ? ಕೆಂಪು ಗಾಜು ಬಲ್ಲವರು ಈ ಊರಲ್ಲಿ ಇನ್ನೊಬ್ಬರಿದ್ದಾರೆ ಅಂತ ನಾನಂತೂ ಕೇಳಿಲ್ಲ."

"ದೇಶ ದೊಡ್ಡದಪ್ಪ."

"ನಾನೇ ಒಂದ್ಸಲ ಮಾತಾಡ್ಲಾ ಅವರ ಹತ್ರ?"

"ಅಯ್ಯೋ ಬೇಡ. ಅರ್ಜಿ ನಿಮ್ಮದು. ಬಂದವರ ಮುಖಾನೂ ನೀವು ನೋಡ್ಬಾರ್ದು, ಕಾನೂನು ಒಪ್ಪಲ್ಲ." ಅವಳು ಅವನ ಭುಜ ತಟ್ಟಿದಳು. "ಕೆಲಸ ಎಲ್ಲೂ ಹೋಗಲ್ಲ ಬಿಡಿ. ಅದೇ ವೀಸಾದ ಮೇಲೆ ಮುಂದುವರಿಸೋಣ. ಸ್ಟ್ರೋಬೆಲ್ ಸಾಹೇಬ್ರು ನಿಮ್ಮನ್ನ ಬಿಟ್ಟುಕೊಡೋ ಜಾತಿಯಲ್ಲ. ಬರೋ ವರ್ಷ ಮತ್ತೆ ಜಾಹೀರಾತು ಹಾಕಿಸ್ತಾರೆ."

ಲೆವಾನ್ ತಲೆಯಾಡಿಸಿದ. ಕಣ್ಣು ತುಂಬಿದ್ದನ್ನು ಮರೆಮಾಚಲು ಗಂಟನ್ನು ಅವಳ ಕೈಗಿತ್ತ.

"ಕೇತೆವಾನ್ ಕಳಿಸಿದ್ದು. ಕೆಲಸ ಆದ್ರೂ ಆಗದಿದ್ರೂ ನಿಮಗೇ ಕೊಡು ಅಂದ್ಲು. ನಮಗೋಸ್ಕರ ಅಷ್ಟು ಓಡಾಡ್ತೀರಲ್ಲ. ಹೋದ ವರ್ಷ ಉಪ್ಪು ಜಾಸ್ತಿ ಆಗಿತ್ತು ಅಂದಿದ್ರಿ. ಈ ಸಲ ರಾತ್ರಿಯೆಲ್ಲ ಚೀಸು ನೆನೆಹಾಕಿ ಉಪ್ಪು ಬಿಡಿಸಿದಾಳೆ."

"ಪಾಪ, ಯಾಕಷ್ಟು ತೊಂದರೆ ತಗೊಂಡ್ರು," ಎಂದಳು ಡಾರ್ಲೀನ್.

ಅವನು ಕುಲುಮೆಯ ಕಡೆ ನಡೆದುಹೋದದ್ದನ್ನು ನೋಡಿದರೆ ಯಾರ ಕರುಳೂ ಚುರಕ್ ಎನ್ನಬೇಕು. ಡಾರ್ಲೀನ್‌ಗೂ ಎಂದಿರಬೇಕು. ಅವನು ಮರೆಯಾಗುವವರೆಗೂ ನಿಂತು, ಗಂಟನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಕೋಣೆಯಲ್ಲಿ ವೆಂಡೆಲ್ ಇನ್ನೂ ಕುಳಿತೇ ಇದ್ದ. ಅವಳು ಒಳಗಿನಿಂದ ಚಿಲಕ ಹಾಕಿದಳು. ಗಂಟು ಬಿಚ್ಚಿ ಅವನ ಮುಂದಿಟ್ಟು, ಮೇಜಿನ ಖಾನೆಯಿಂದ ಚಾಕು ತೆಗೆದುಕೊಟ್ಟಳು.

ಅದೇ ಕಾರ್ಖಾನೆಯ ಕುಲುಮೆಗಳನ್ನು ನೋಡಿಕೊಂಡು, ಲೆವಾನ್ ಬರುವ ಮೊದಲೇ ನಿವೃತ್ತನಾಗಿದ್ದ ವೆಂಡೆಲ್ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದ. "ಲೆವಾನ್ ಈ ವರ್ಷಾನೂ ಎವರಾಲ್ಡೊ ಥರ ಹಾರಲ್ಲ ಅಂತ ಸ್ಟ್ರೋಬೆಲ್‌ಗೆ ಹೇಳು ಮಾರಾಯ್ತಿ. ಆಮೇಲೆ ಆ ಹುಡುಗಿಗೂ ಹೇಳು, ಈ ಸಲ ಉಪ್ಪು ಹದವಾಗಿದೆ, ಬರೋ ವರ್ಷಾನೂ ಹೀಗೇ ಇರಲಿ."