ಸೀಟಿನ ಅಡಿಗೆ ಹೋಗುವ ಸೈಕಲ್ಲು

ಕುಮಟಾ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೋಹಿಣಿ ತನ್ನ ಗಂಡ ಉದಯ ಮಾಡಿದ ಸೈಕಲ್ಲನ್ನು ಮಡಚಿ ತೋರಿಸಿದಳು. ಹ್ಯಾಂಡಲ್ಲು ಕೆಳಕ್ಕೆ, ಚಕ್ರದ ಪಕ್ಕಕ್ಕೆ ಚಕ್ರ, ಸೀಟು ಒಳಕ್ಕೆ. ಸೈಕಲ್ ಕಂಪನಿಯಿಂದ ನೋಡಲು ಬಂದಿದ್ದ ಶ್ರೀಧರ ಎಂಬವರು ಅದನ್ನು ಚೀಲಕ್ಕೆ ಹಾಕಿಸಿ, ಎತ್ತಿ ನೋಡಿ, ತಲೆದೂಗಿದರು. ಉದಯನ ಮುಖ ಅರಳಿತು.

ಉದಯ ಮೊದಲು ಮಾಡಿದ್ದು ಇದಲ್ಲ. ಹೆಂಡತಿ ದಿನಾ ಮಂಕಿಯಿಂದ ರೈಲು ಹತ್ತಿ ಕುಮಟೆಯ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಹೋಗುತ್ತಾಳೆಂದು, ಅವಳ ಅಳತೆಗೇ ತನ್ನ ವೆಲ್ಡಿಂಗ್ ಶಾಪಿನಲ್ಲಿ ಒಂದು ಮಾಡಿದ್ದ. ಅದರ ಮೇಲೆ ಅವಳು ಬೆನ್ನು ನೆಟ್ಟಗಿಟ್ಟು ಕೂರುತ್ತಿದ್ದಳು. ಆದರೆ ಮಡಚಿದರೂ ಅದು ರೈಲಿನ ಸೀಟಿನ ಅಡಿಗೆ ಹೋಗುತ್ತಿರಲಿಲ್ಲ. ಇದನ್ನು ತಯಾರಿಸಿ ಮಾರುತ್ತೀರಾ ಎಂದು ಉದಯ ಕೇಳಿದಾಗ, ಅಡಿಗೆ ಹೋದರೆ ಮಾತ್ರ ಮುಂದಿನ ಮಾತು ಎಂದಿತು ಕಂಪನಿ. ಚಕ್ರ ಸಣ್ಣದಾಯಿತು, ಹ್ಯಾಂಡಲ್ಲು ತಗ್ಗಿತು, ಸೀಟು ಮುಂದೆ ಬಂತು. ಮೈಭಾರವೆಲ್ಲ ರೋಹಿಣಿಯ ಮಣಿಕಟ್ಟಿನ ಮೇಲೆ ಬಿತ್ತು.

"ಬೆರಳು ಜೋಮು ಹಿಡಿತದೆ," ಎಂದಿದ್ದಳು ಆಗಲೇ.

"ಎಂತ ಮಾಡುದು? ಹ್ಯಾಂಡಲ್ಲು ಎತ್ತರ ಮಾಡಿದ್ರೆ ಅಡಿಗೆ ಹೋಗುದಿಲ್ಲ. ಸ್ವಲ್ಪ ದಿನ ತಡ್ಕೊ, ಅಭ್ಯಾಸ ಆಗ್ತದೆ."

ಹೋದ ತಿಂಗಳು ಆಸ್ಪತ್ರೆಯಲ್ಲಿ ಕೂಸೊಂದಕ್ಕೆ ಸೂಜಿ ಹಾಕುವಾಗ ಅವಳ ಜೋಮು ಹಿಡಿದ ಬೆರಳಿಗೆ ನರ ಸಿಕ್ಕಲಿಲ್ಲ. ಮತ್ತೆ ಮತ್ತೆ ಚುಚ್ಚಿದಳು. ಕೂಸಿನ ತಾಯಿ ಅವಳ ಕೈಯನ್ನು ಆಚೆ ತಳ್ಳಿದಳು. ಎಳೆ ಮಕ್ಕಳ ನರ ಹುಡುಕಲು ಉಳಿದ ನರ್ಸುಗಳೆಲ್ಲ ಕರೆಯುತ್ತಿದ್ದುದು ರೋಹಿಣಿಯನ್ನೇ. ಈಗ ಅವಳನ್ನು ಚೀಟಿ ಕೊಡುವ ಕಿಟಕಿಯಲ್ಲಿ ಕೂರಿಸಿದ್ದಾರೆ. ಮನೆಗೆ ಬಂದು ಹೇಳಿದರೆ ಉದಯ, "ಕೂತು ಮಾಡುವ ಕೆಲಸ. ಒಳ್ಳೇದೇ ಆತಲ್ಲ," ಎಂದಿದ್ದ.

"ಓಡಿಸೋದಕ್ಕೆ ಹೇಗಿದೆ ಮೇಡಂ?" ಶ್ರೀಧರ ಈಗ ನೇರವಾಗಿ ಅವಳನ್ನೇ ಕೇಳಿದರು.

ಉದಯ ಅವಳ ಮುಖವನ್ನೇ ನೋಡುತ್ತಿದ್ದ. ಗೇಟು ಕಿಟಕಿ ಬೆಸೆಯುವುದನ್ನೂ ಬಿಟ್ಟು ವರ್ಷಗಟ್ಟಲೆ ಈ ಸೈಕಲ್ಲಿನ ಹಿಂದೆಯೇ ಬಿದ್ದವನು. ಬೆರಳು ಜೋಮು ಹಿಡಿಯುತ್ತದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು.

"ಅಡ್ಡಿಲ್ಲ," ಎಂದಳು.

ಶ್ರೀಧರ ಉದಯನ ಕೈ ಕುಲುಕಿದರು. "ಮಾಡೋಣ ಹಾಗಾದರೆ. ಇನ್ನೆರಡು ಇಂಚು ಸಣ್ಣದಾದರೆ ಬಸ್ಸಿಗೂ ಸರಿಹೋಗುತ್ತೆ. ಆಗಬಹುದಾ?"

ಉದಯ ತಡಮಾಡಲಿಲ್ಲ.

"ಆಗ್ತದೆ ಸಾರ್. ಇವಳೇ ಓಡಿಸಿ ನೋಡ್ತಾಳೆ."