ಮೂರನೆಯ ಪೇಟ

ಯೂನಿಯನ್ ಸಿಟಿಯ ಬಾಡಿಗೆ ಸಭಾಂಗಣದಲ್ಲಿ ಕನ್ನಡ ಬಳಗದ ಅಧ್ಯಕ್ಷ ಶೇಷಾದ್ರಿ, ವಿಕಾಸನ ತಲೆಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಅವನನ್ನು ನೆರೆಯೂರು ಕ್ಯಾಂಪ್‌ಬೆಲ್ಲಿನ ಕ್ಷತ್ರಪನೆಂದು ಘೋಷಿಸಿದರು. ಎರಡನೆಯ ಪೇಟ ಸ್ಯಾನ್ ಮಟಿಯೋದ ವಿಜಯಶ್ರೀಗೆ. ಯೂನಿಯನ್ ಸಿಟಿಯ ಕ್ಷತ್ರಪನಾಗಬೇಕಿದ್ದ ಮಧ್ವೇಶ ಮಗಳ ಸಾಕರ್ ಆಟಕ್ಕೆ ಹೋಗಿದ್ದರಿಂದ ಮೂರನೆಯದು ಡಬ್ಬದಲ್ಲೇ ಉಳಿಯಿತು.

ವಿಕಾಸ್, ವಿಜಯಶ್ರೀ ಇಬ್ಬರೂ ಈ ಸಲ ಅಧ್ಯಕ್ಷಗಿರಿಗೆ ನಿಲ್ಲುವವರಿದ್ದರು. ಕುರ್ಚಿ ಕೈತಪ್ಪುವ ಭಯಕ್ಕೆ ಶೇಷಾದ್ರಿಯವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬಿರುದು ಪಡೆದವರು ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ನಿಯಮ ಮಾಡಿದ ಮೇಲೆ ಸೊಗಸಾಗಿ ಹತ್ತಿತು.

ಮೈಕು ಹಿಡಿದು ಅರ್ಥವನ್ನೂ ಬಿಡಿಸಿದರು. ಕ್ಷತ್ರ ಎಂದರೆ ರಾಜ್ಯ, ಅದನ್ನು ಕಾಯುವವನು ಕ್ಷತ್ರಪ. ಹಳೆಯ ಪರ್ಷಿಯಾದ ಸಾಮ್ರಾಟರು ಪ್ರಾಂತಕ್ಕೊಬ್ಬರಂತೆ ನೇಮಿಸುತ್ತಿದ್ದ ಅಧಿಕಾರಿಗಳ ಹೆಸರೇ ಹೀಗೆ ನಮ್ಮ ದೇಶಕ್ಕೂ ಬಂದಿದ್ದು. ಇಲ್ಲಿ ಸಾಮ್ರಾಟ ಯಾರೆಂದು ಅವರು ಹೇಳಲಿಲ್ಲ. ಗಂಟಲು ಸರಿಮಾಡಿಕೊಂಡರು, ಅಷ್ಟೆ.

"ಆಮ್ಯಾಲೆ ಆ ಕ್ಷತ್ರಪರು ಏನ್ ಮಾಡಿದ್ರಂತ ಓದೀರೇನ್ರಿ ಸರ?" ಹುಬ್ಬಳ್ಳಿ ಕಡೆಯ ವಿಜಯಶ್ರೀ ಕೇಳಿದಳು.

ಅಲ್ಲಿಯವರೆಗೆ ಅವರು ಓದಿರಲಿಲ್ಲ. ಅವಳೇ ಹೇಳಿದಳು: ನಮ್ಮ ಪಶ್ಚಿಮ ಸೀಮೆಯ ಕ್ಷತ್ರಪರು ತಮ್ಮದೇ ಮುಖದ ನಾಣ್ಯ ಹೊಡೆಸಿ, ತಮ್ಮನ್ನು ತಾವೇ ಮಹಾಕ್ಷತ್ರಪರೆಂದು ಕರೆದುಕೊಂಡು ಸ್ವತಂತ್ರವಾಗಿ ಆಳಿದರು. ಜನ ನಕ್ಕರು. ಶೇಷಾದ್ರಿಯವರೂ ನಕ್ಕರು, ಸ್ವಲ್ಪ ತಡವಾಗಿ.

ವಿಕಾಸ್ ಮೈಕು ಇಸಿದುಕೊಂಡ. "ಕ್ಯಾಂಪ್‌ಬೆಲ್ ಬಳಗ ಇವತ್ತಿಂದ ಸಪರೇಟು. ನಮ್ಮ ರಾಜ್ಯೋತ್ಸವಕ್ಕೆ ಜಾಗಾನೂ ಬುಕ್ ಮಾಡಿದೀವಿ." ಸ್ಯಾನ್ ಮಟಿಯೋದ್ದೂ ಬೇರೆಯೇ ಎಂದಳು ವಿಜಯಶ್ರೀ. ಕುರ್ಚಿಗಳು ಸರಿದಾಡಿದವು. ಆ ಊರಿನವರು ಈ ಬಾಗಿಲಿಗೆ, ಈ ಊರಿನವರು ಆ ಬಾಗಿಲಿಗೆ, ಕೈಯಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದುಕೊಂಡೇ ಹೊರಟರು.

"ಹಾಗಾದ್ರೆ ಪೇಟ ವಾಪಸ್ ಕೊಡಿ," ಎಂದರು ಶೇಷಾದ್ರಿ.

"ಸನ್ಮಾನ ವಾಪಸ್ ಇಸ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ ಸರ್," ಎಂದು ವಿಕಾಸ್ ಕೈಮುಗಿದು ಮೆಟ್ಟಿಲಿಳಿದ.

ವಿಜಯಶ್ರೀ ಮಾತ್ರ ಹಿಂದಿರುಗಿ ಬಂದಳು. ಡಬ್ಬದಲ್ಲಿದ್ದ ಪೇಟ ತೆಗೆದು ಬಲು ಗೌರವದಿಂದ ಅವರ ತಲೆಗಿಟ್ಟಳು.

"ಯೂನಿಯನ್ ಸಿಟಿ ಕಾಯಾಕ ಯಾರೂ ಇಲ್ರಿ ಸರ. ಅದನ್ನ ನೀವು ನೋಡ್ಕೋರಿ."

ಐದು ಗಂಟೆಗೆ ಸಭಾಂಗಣ ಖಾಲಿ ಮಾಡಿಕೊಡಬೇಕಿತ್ತು. ಯೂನಿಯನ್ ಸಿಟಿಯ ಕ್ಷತ್ರಪರು ಪೇಟ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕುರ್ಚಿಗಳನ್ನು ಮಡಚತೊಡಗಿದರು.