ಮೂವತ್ತೆರಡು ಸಲ

"ಒಂದು ತುತ್ತಿಗೆ ಮೂವತ್ತೆರಡು ಸಲ!" ಎಂದರು ಕಾರ್ಖಾನೆಯ ಡಾಕ್ಟರು. "ಗಬಗಬ ಅಂತ ನುಂಗಬಾರದು. ನಿಧಾನವಾಗಿ ಅಗೀಬೇಕು. ಬಾಯಲ್ಲಿ ಅನ್ನ ಇರುವಾಗ ಮಾತಾಡಬಾರದು. ಇಷ್ಟು ಮಾಡಿದ್ರೆ ಸಾಕು, ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತೆ."

ಅಂಗಿ ಹೊಲಿಯುವ ಇನ್ನೂರು ಹೆಂಗಸರು ಊಟದ ಕೋಣೆಯ ಉದ್ದ ಮೇಜುಗಳ ಮುಂದೆ ಕೂತು, ಡಬ್ಬಿಯ ಮುಚ್ಚಳ ತೆಗೆಯದೆ ಈ ಉಪದೇಶ ಕೇಳುತ್ತಿದ್ದರು. ಆರೋಗ್ಯದ ಭಾಷಣಕ್ಕೆ ಕಾರ್ಖಾನೆಯವರಿಗೆ ಸಿಕ್ಕಿದ ಹೊತ್ತು ಅದೊಂದೇ, ಊಟದ ಅರ್ಧ ಗಂಟೆ. ಮೆಷಿನ್ ನಿಲ್ಲಿಸಿ ಭಾಷಣ ಮಾಡಿಸುವಷ್ಟು ಧಾರಾಳ ಬುದ್ಧಿ ಯಾರಿಗಿದೆ? ಗೋಡೆಯ ಗಡಿಯಾರದಲ್ಲಿ ಆ ಅರ್ಧ ಗಂಟೆ ಮುಕ್ಕಾಲು ಪಾಲು ಕರಗಿಹೋಗಿತ್ತು.

ಎರಡನೇ ಸಾಲಿನಲ್ಲಿ ಗುಂಡಿಯಕ್ಕ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಹನ್ನೊಂದು ವರ್ಷ ಅಂಗಿಗೆ ಗುಂಡಿ ಹಾಕಿ ಹಾಕಿ, ಹೆತ್ತವರಿಟ್ಟ ಹೆಸರು ಅವಳಿಗೇ ಮರೆತುಹೋಗುವ ಹಾಗಾಗಿತ್ತು. ಹೋದ ತಿಂಗಳು ಮೆಷಿನ್ ಪಕ್ಕದಲ್ಲೇ ವಾಂತಿ ಮಾಡಿಕೊಂಡಿದ್ದಳು. ವಾಂತಿಯಲ್ಲಿ ರಕ್ತವಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದ ಇದೇ ಡಾಕ್ಟರನ್ನು, "ಊಟಕ್ಕೆ ಪೂರ್ತಿ ಅರ್ಧ ಗಂಟೆ ಬಿಡ್ಬೇಕು ಅಂತ ಒಂದು ಚೀಟಿ ಬರ್ಕೊಡಿ ಸಾಕು" ಎಂದು ಬೇಡಿಕೊಂಡಿದ್ದಳು. ಅರ್ಧ ಗಂಟೆ ಎನ್ನುವುದು ಹೆಸರಿಗೆ ಮಾತ್ರ. ಬಾಗಿಲಲ್ಲಿ ಮೈ ತಡವಿ ತಪಾಸಣೆ, ಇನ್ನೂರು ಜನಕ್ಕಿರುವ ಎರಡೇ ನಲ್ಲಿಗಳ ಮುಂದೆ ಸಾಲು, ವಾಪಸ್ ಹೋಗುವಾಗ ಮತ್ತೆ ತಪಾಸಣೆ. ಎಲ್ಲ ಕಳೆದು ಬಾಯಿಗೆ ಸಿಗುವುದು ಹತ್ತು ನಿಮಿಷ. ಡಾಕ್ಟರು ಚೀಟಿಯನ್ನೇನೋ ಬರೆದರು. 'ಕಾಯಿಲೆಗೆ ಕಾರಣ: ರೋಗಿಯ ಕೆಟ್ಟ ಊಟದ ಅಭ್ಯಾಸ.' ಅವತ್ತು ಅವಳಿಗೆ ಹುಣ್ಣಿಗಿಂತ ಹೆಚ್ಚು ಉರಿದದ್ದು ಆ ಒಂದು ಸಾಲು.

"ಉದಾಹರಣೆಗೆ ಈ ಅಮ್ಮನ್ನೇ ನೋಡಿ." ಡಾಕ್ಟರ ಬೆರಳು ನೇರವಾಗಿ ಅವಳ ಕಡೆಗೇ ತಿರುಗಿತು. "ವರ್ಷಗಟ್ಟಲೆ ಅವಸರದಲ್ಲಿ ನುಂಗಿ ನುಂಗಿ ಹೊಟ್ಟೆ ಹಾಳು ಮಾಡ್ಕೊಂಡಿದಾರೆ. ಯಾರ ತಪ್ಪು, ಹೇಳಿ?"

ಗುಂಡಿಯಕ್ಕ ಎದ್ದು ನಿಂತಳು.

"ಒಂದು ಲೆಕ್ಕ ಕೇಳ್ಲಾ ಡಾಕ್ಟ್ರೇ? ಮೂವತ್ತೆರಡು ಸಲ ಅಗಿಯೋಕೆ ಅರ್ಧ ನಿಮಿಷ ಬೇಕು. ನನ್ನ ಡಬ್ಬೀಲಿ ನಲವತ್ತು ತುತ್ತು ಇದೆ. ಅಂದ್ರೆ ಇಪ್ಪತ್ತು ನಿಮಿಷ. ನಮಗೆ ದಿನಾ ಸಿಗೋದು ಹತ್ತು. ಮಿಕ್ಕ ಇಪ್ಪತ್ತು ತುತ್ತು ಏನ್ಮಾಡ್ಲಿ?"

ಡಾಕ್ಟರು ನಕ್ಕರು. "ಅಷ್ಟೊಂದು ಯಾಕಮ್ಮ ತಿಂತೀರಿ? ಅರ್ಧ ತಿನ್ನಿ. ಮೈ ಹಗುರ ಆಗುತ್ತೆ."

ಬೆಳಗ್ಗೆ ಆರಕ್ಕೆ ಮನೆ ಬಿಟ್ಟವಳಿಗೆ ಹೇಳುವ ಮಾತೇ ಇದು? ಅವಳ ಮೈಯಲ್ಲಿ ಹಗುರಾಗಲು ಮೂಳೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮೇಲ್ವಿಚಾರಕ ಮಾತು ಮುಂದುವರಿಯಲು ಬಿಡದೆ ಚಪ್ಪಾಳೆ ತಟ್ಟಿದ. "ಆಯ್ತು ಆಯ್ತು, ಡಾಕ್ಟ್ರಿಗೆ ಥ್ಯಾಂಕ್ಸ್ ಹೇಳಿ. ಇನ್ನು ಆರು ನಿಮಿಷ ಇದೆ. ಬೇಗ ಬೇಗ ತಿಂದು ಏಳಿ!"

ಆ 'ಬೇಗ ಬೇಗ' ಕೇಳಿಯೂ ಡಾಕ್ಟರ ಹುಬ್ಬು ಅಲುಗಲಿಲ್ಲ.

ಇನ್ನೂರು ಮುಚ್ಚಳಗಳು ಒಟ್ಟಿಗೆ ತೆರೆದವು. ಪಕ್ಕದಲ್ಲಿದ್ದ ಕಾಲರ್ ಹೊಲಿಯುವ ಹುಡುಗಿ ಮೂರು ತುತ್ತು ಒಂದೇ ಸಲ ತುರುಕಿಕೊಂಡು, "ಬೇಗ ತಿನ್ನಕ್ಕ, ಬೆಲ್ ಆಗುತ್ತೆ" ಎಂದಳು.

"ಆಗ್ಲಿ ಬಿಡು. ಇವತ್ತು ಡಾಕ್ಟ್ರು ಹೇಳಿದ ಹಾಗೇ ತಿನ್ನೋದು. ಇಲ್ದಿದ್ರೆ ನಾಳೆ ನಿನ್ನ ಚೀಟೀಲೂ ಅದನ್ನೇ ಬರೀತಾರೆ."

ಗುಂಡಿಯಕ್ಕ ಒಂದು ತುತ್ತು ಬಾಯಿಗಿಟ್ಟು, ಬೆರಳ ಗೆಣ್ಣು ಎಣಿಸುತ್ತ ಅಗಿಯತೊಡಗಿದಳು. ಅನ್ನ ಸಿಹಿಯಾಗಿರುತ್ತದೆ ಎಂಬುದು ಅವಳಿಗೆ ಇಪ್ಪತ್ತನೇ ಸಲಕ್ಕೆ ಗೊತ್ತಾಯಿತು. ಹನ್ನೊಂದು ವರ್ಷ ತನ್ನ ಕೈಯಾರೆ ಬೇಯಿಸಿ ತಂದ ಅನ್ನದ ರುಚಿ ಇದು! ಕಣ್ಣಲ್ಲಿ ನೀರು ಬಂತು. ಕಾಲರ್ ಹುಡುಗಿ ಅವಳ ಮುಖವನ್ನೇ ನೋಡುತ್ತ ತಾನೂ ಗೆಣ್ಣು ಎಣಿಸತೊಡಗಿದಳು. ಹಿಂದಿನ ಮೇಜಿನವರು ನೋಡಿದರು, ಅವರ ಹಿಂದಿನವರೂ ನೋಡಿದರು.

ಗುಂಡಿಯಕ್ಕನ ಹತ್ತನೇ ತುತ್ತು ಬಾಯಲ್ಲಿರುವಾಗ ಬೆಲ್ ಆಯಿತು. ಯಾರೂ ಏಳಲಿಲ್ಲ.

"ಏಳ್ರಮ್ಮ! ಕಿವಿ ಕೇಳಿಸ್ತಿಲ್ವಾ?" ಮೇಲ್ವಿಚಾರಕ ಕೂಗಿದ. ಕೋಣೆಯ ತುಂಬ ಅಗಿಯುವ ಸದ್ದು. ಅವನು ದಡದಡನೆ ಬಂದು ಗುಂಡಿಯಕ್ಕನ ಮೇಜು ಕುಟ್ಟಿದ. "ನಿನಗೇ ಹೇಳ್ತಿರೋದು! ಬಾಯಿಗೆ ಏನಾಗಿದೆ?"

ಅವಳು ತನ್ನ ಉಬ್ಬಿದ ಕೆನ್ನೆ ತೋರಿಸಿ, ಆಮೇಲೆ ಡಾಕ್ಟರ ಕಡೆ ಬೆರಳು ಮಾಡಿದಳು. ಬಾಯಲ್ಲಿ ಅನ್ನ ಇರುವಾಗ ಮಾತಾಡಬಾರದಲ್ಲ! ಡಾಕ್ಟರು ತಲೆ ಎತ್ತದೆ ಚೀಲದ ಜಿಪ್ ಎಳೆಯುತ್ತಿದ್ದರು. ಆ ಜಿಪ್ಪೂ ಅದೇ ಹೊತ್ತಿಗೆ ಸಿಕ್ಕಿಹಾಕಿಕೊಳ್ಳಬೇಕೆ?

ಮೇಲ್ವಿಚಾರಕ ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಇನ್ನೂರು ಬಾಯಿಗಳನ್ನು ನೋಡಿದ. ದನಿ ಇಳಿದುಹೋಯಿತು. "ಮೆಷಿನ್ ಎಲ್ಲಾ ನಿಂತಿದೆ ಕಣಮ್ಮ. ನಾನು ಮೇಲಿನವರಿಗೆ ಏನಂತ ಹೇಳ್ಲಿ?"

ಗುಂಡಿಯಕ್ಕ ಮೂವತ್ತೆರಡು ಮುಗಿಸಿದಳು. ನುಂಗಿದಳು. ಬಾಯಿ ಒರೆಸಿಕೊಂಡಳು.

"ಇವತ್ತೊಂದು ದಿನ ಹೊಟ್ಟೆಗೆ ಹಾಕ್ಕೊಳ್ಳಿ ಸಾರ್. ಹನ್ನೊಂದು ವರ್ಷ ನಾವು ಹಾಕ್ಕೊಂಡಿಲ್ವಾ?"

ಎಂದವಳೇ ಇನ್ನೊಂದು ತುತ್ತು ಬಾಯಿಗಿಟ್ಟು, ಮತ್ತೆ ಒಂದರಿಂದ ಎಣಿಸತೊಡಗಿದಳು.